ಹರಳುಗಳ ಮನೆ

ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯು ಹೆಬ್ಬಾಳವನ್ನು ಮುಟ್ಟುವುದಕ್ಕೆ ಮೊದಲು ಮೇಖ್ರಿ ವೃತ್ತವನ್ನು ಹಾದುಹೋಗುತ್ತದೆ. ಆ ವೃತ್ತದಿಂದ ಪಶ್ಚಿಮಕ್ಕೆ, ಯಶವಂತಪುರದ ದಿಕ್ಕಿಗೆ ತಿರುಗಿದರೆ ಸ್ವಲ್ಪ ದೂರದಲ್ಲಿಯೇ ಎತ್ತರವಾದ ಮರಗಳಿಂದ ಕೂಡಿದ ಒಂದು ಆವರಣವು ಕಾಣಸಿಗುತ್ತದೆ. ರಸ್ತೆಯ ಮೇಲೆ ಎಷ್ಟೇ ಗದ್ದಲವಿದ್ದರೂ ಆವರಣದ ಒಳಗೆ ಶಾಂತಿ ನೆಲೆಸಿರುತ್ತದೆ. ಇದೇ ರಾಮನ್ ಸಂಶೋಧನಾ ಸಂಸ್ಥೆ. ಇಂದು ಇಲ್ಲಿ ಆಕಾಶಕಾಯಗಳನ್ನು ಕುರಿತು, ಬೆಳಕನ್ನು ಕುರಿತು, ದ್ರವಸ್ಫಟಿಕಗಳನ್ನು ಕುರಿತು ಸಂಶೋಧನೆಗಳು ನಡೆಯುತ್ತವೆ. ಆದರೆ ಈ ಸಂಸ್ಥೆಯಲ್ಲಿ ಇವೆಲ್ಲಕ್ಕಿಂತ ಹಳೆಯದಾದ ಒಂದು ಸಂಪತ್ತೂ ಇದೆ. ಅದು ಸರ್ ಚಂದ್ರಶೇಖರ ವೆಂಕಟರಾಮನ್ನರು ತಮ್ಮ ಬಾಳಿನುದ್ದಕ್ಕೂ ಆಸೆಪಟ್ಟು ಕೂಡಿಸಿದ ಹರಳುಗಳ, ಖನಿಜಗಳ ಹಾಗೂ ಶಿಲೆಗಳ ಸಂಗ್ರಹ.

ಇಂಥ ಸಂಗ್ರಹಗಳಲ್ಲಿ ಲ್ಯಾಬ್ರಡೊರೈಟ್ ಎಂಬ ಕಲ್ಲಿಗೆ ವಿಶೇಷ ಸ್ಥಾನವುಂಟು. ಮೊದಲ ನೋಟಕ್ಕೆ ಅದು ಮಂಕಾದ ಬೂದುಬಣ್ಣದ ಕಲ್ಲು. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳಲಾರರು. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪವೇ ಓರೆಮಾಡಿದರೆ, ಒಂದು ನಿರ್ದಿಷ್ಟ ಕೋನದಲ್ಲಿ ಇಡೀ ಮೈ ನವಿಲಿನ ಕತ್ತಿನಂತೆ ನೀಲಿಯಾಗಿ ಬೆಳಗುತ್ತದೆ. ಇನ್ನಷ್ಟು ಹೊರಳಿಸಿದರೆ ಬಣ್ಣ ಮಾಯವಾಗಿ ಮತ್ತೆ ಬೂದುಗಲ್ಲು. ಬಣ್ಣವು ಕಲ್ಲಿನಲ್ಲಿದೆಯೇ, ಬೆಳಕಿನಲ್ಲಿದೆಯೇ, ನೋಡುವವನ ಕಣ್ಣಿನಲ್ಲಿದೆಯೇ? ಕಲ್ಲನ್ನು ಕೈಗೆತ್ತಿಕೊಂಡ ಮಗುವಿಗೂ ಈ ಪ್ರಶ್ನೆ ಹುಟ್ಟುತ್ತದೆ. ನೊಬೆಲ್ ಪ್ರಶಸ್ತಿಯನ್ನು ಪಡೆದ ವಿಜ್ಞಾನಿಗೂ ಹುಟ್ಟಿತು. ವ್ಯತ್ಯಾಸವೆಂದರೆ, ಆ ವಿಜ್ಞಾನಿ ಪ್ರಶ್ನೆಯನ್ನು ಕೈಬಿಡಲಿಲ್ಲ.

ಹರಳು ಎಂದೊಡನೆ ನಮ್ಮ ಜನರಿಗೆ ಉಂಗುರದ ಕೆಂಪು, ಓಲೆಯ ವಜ್ರ ನೆನಪಾಗುತ್ತವೆ. ವಾಸ್ತವವಾಗಿ ಹರಳುಗಳು ಅಡುಗೆಯ ಮನೆಯಲ್ಲಿಯೇ ಇವೆ. ಕಲ್ಲುಪ್ಪಿನ ಒಂದು ಕಣವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದರೆ ಅದು ಆರು ಮುಖಗಳುಳ್ಳ ಪುಟ್ಟ ಘನಾಕೃತಿಯೆಂಬುದು ತಿಳಿಯುತ್ತದೆ. ಕಲ್ಲುಸಕ್ಕರೆಯು ಸಕ್ಕರೆಯ ಹರಳು. ಕ್ಷೌರದ ಅಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಪಟಿಕವೂ ಹರಳೇ. ತೋಟಕ್ಕೆ ಸಿಂಪಡಿಸುವ ಔಷಧಕ್ಕೆ ಬಳಸುವ ಮೈಲುತುತ್ತವೂ ಹರಳೇ. ಪರಮಾಣುಗಳು ಅಥವಾ ಅಣುಗಳು ಅಡ್ಡಾದಿಡ್ಡಿಯಾಗಿ ಗುಂಪುಗೂಡದೆ, ನೇಯ್ಗೆಯ ಎಳೆಗಳಂತೆ ಒಂದೇ ಕ್ರಮದಲ್ಲಿ ಮೂರು ದಿಕ್ಕುಗಳಿಗೂ ಜೋಡಣೆಗೊಂಡಾಗ ಆ ಪದಾರ್ಥವು ಸ್ಫಟಿಕವೆನಿಸುತ್ತದೆ. ಭೂಮಿಯಲ್ಲಿ ನಿಸರ್ಗದಿಂದಲೇ ಉಂಟಾಗಿ, ಗೊತ್ತಾದ ರಾಸಾಯನಿಕ ರಚನೆಯನ್ನೂ ಇಂಥ ಜೋಡಣೆಯನ್ನೂ ಹೊಂದಿದ ವಸ್ತುವಿಗೆ ಖನಿಜವೆಂದು ಹೆಸರು. ಒಂದು ಅಥವಾ ಹಲವು ಖನಿಜಗಳು ಬೆರೆತು ಗಟ್ಟಿಗೊಂಡದ್ದು ಶಿಲೆ. ಹೀಗೆ ನೋಡಿದರೆ ನಮ್ಮ ಮನೆಯ ಮೆಟ್ಟಿಲಿನ ಚಪ್ಪಡಿಯಲ್ಲಿಯೂ ಮೂರು ನಾಲ್ಕು ಬಗೆಯ ಹರಳುಗಳಿವೆ. ಅವು ಒಂದನ್ನೊಂದು ಒತ್ತರಿಸಿಕೊಂಡು ಬೆಳೆದುದರಿಂದ ಆಕಾರವನ್ನು ತಳೆಯಲು ಅವಕಾಶವಿಲ್ಲದೆ ಹೋಯಿತು, ಅಷ್ಟೆ.

ಹರಳಿನ ಒಳಗಿನ ಈ ಕ್ರಮವನ್ನು ಮನುಷ್ಯನು ಕಣ್ಣಾರೆ ಕಾಣುವುದಕ್ಕೆ ಬಹಳ ಮೊದಲೇ ಊಹಿಸಿದ್ದನು. 1669ರಲ್ಲಿ ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ ಎಂಬಾತನು ಬೆಣಚಿನ ಹರಳುಗಳನ್ನು ಪರೀಕ್ಷಿಸಿ, ಅವು ದಪ್ಪವಿರಲಿ, ತೆಳ್ಳಗಿರಲಿ, ಸೊಟ್ಟಗೆ ಬೆಳೆದಿರಲಿ, ಸಮಾನ ಮುಖಗಳ ನಡುವಣ ಕೋನಗಳು ಮಾತ್ರ ಬದಲಾಗುವುದಿಲ್ಲವೆಂದು ತೋರಿಸಿದನು. ಬೆಣಚಿನ ಆರು ಪಾರ್ಶ್ವಗಳು ಎಲ್ಲಿಯೂ 120 ಅಂಶಗಳ ಕೋನದಲ್ಲಿಯೇ ಕೂಡುತ್ತವೆ. ಹಿಮಾಲಯದ ಹರಳಾದರೇನು, ಆಲ್ಪ್ಸ್ ಪರ್ವತದ ಹರಳಾದರೇನು! 1912ರಲ್ಲಿ ಜರ್ಮನಿಯ ಲಾವೆ ಎಂಬ ವಿಜ್ಞಾನಿಯ ಸಲಹೆಯಂತೆ ಹರಳಿನ ಮೂಲಕ ಕ್ಷಕಿರಣಗಳನ್ನು ಹಾಯಿಸಿದಾಗ, ಒಳಗಿನ ಪರಮಾಣುಗಳ ಸಾಲುಗಳು ಛಾಯಾಚಿತ್ರದ ಫಲಕದ ಮೇಲೆ ಚುಕ್ಕೆಗಳ ರೂಪದಲ್ಲಿ ಸಾಕ್ಷಿ ನುಡಿದವು. ಮರುವರ್ಷವೇ ಇಂಗ್ಲೆಂಡಿನ ಬ್ರ್ಯಾಗ್ ತಂದೆಮಕ್ಕಳು ವಜ್ರದಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವಿಗೂ ನಾಲ್ಕು ನೆರೆಯವರಿರುವುದನ್ನು ಕಂಡುಹಿಡಿದರು.

ರಾಮನ್ನರು ಬೆಳೆದದ್ದು ಈ ಹೊಸ ಬೆಳಕಿನ ಕಾಲದಲ್ಲಿ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ಅವರು 1907ರಲ್ಲಿ ಸರಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿ ಹಗಲು ಕಚೇರಿಯ ಲೆಕ್ಕಪತ್ರ, ಬೆಳಗಿನ ಜಾವ ಮತ್ತು ಸಂಜೆ ಪ್ರಯೋಗಶಾಲೆ. ಹೀಗೆ ಹತ್ತು ವರ್ಷ ಕಳೆದು 1917ರಲ್ಲಿ ದೊಡ್ಡ ಸಂಬಳದ ಕೆಲಸವನ್ನು ತೊರೆದು ಪ್ರಾಧ್ಯಾಪಕರಾದರು. 1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುತ್ತಿರುವಾಗ ಮೆಡಿಟರೇನಿಯನ್ ಸಮುದ್ರದ ಗಾಢನೀಲಿ ಅವರ ಮನಸ್ಸನ್ನು ಸೆಳೆಯಿತು. ಅದು ಕೇವಲ ಆಕಾಶದ ಪ್ರತಿಬಿಂಬವೆಂಬ ಹಿರಿಯರ ಮಾತನ್ನು ಅವರು ಒಪ್ಪಲಿಲ್ಲ. ಜೇಬಿನಲ್ಲಿದ್ದ ನಿಕಲ್ ಅಶ್ರಗದಿಂದ ನೀರಿನ ಮೇಲಣ ಹೊಳಪನ್ನು ಮರೆಮಾಡಿ ನೋಡಿದರು. ನೀಲಿ ಮತ್ತೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತಿದ್ದವು. ಆ ನಿಕಲ್ ಅಶ್ರಗವೆಂಬುದಾದರೂ ಏನು? ಕ್ಯಾಲ್ಸೈಟ್ ಎಂಬ ಖನಿಜದ ಎರಡು ತುಂಡುಗಳನ್ನು ಅಂಟಿಸಿ ಮಾಡಿದ ಉಪಕರಣ. ಸಮುದ್ರದ ಗುಟ್ಟನ್ನು ಬಿಡಿಸಲು ನೆರವಾದದ್ದೂ ಒಂದು ಹರಳೇ.

ಈ ವಿಚಾರದ ಜಾಡನ್ನೇ ಹಿಡಿದು ಅವರು 1928ರ ಫೆಬ್ರವರಿ 28ರಂದು, ಚದರಿದ ಬೆಳಕಿನಲ್ಲಿ ಮೂಲದಲ್ಲಿಲ್ಲದ ಹೊಸ ಬಣ್ಣಗಳ ರೇಖೆಗಳೂ ಇರುತ್ತವೆಂಬುದನ್ನು ಸ್ಥಾಪಿಸಿದರು. ಇದೇ ರಾಮನ್ ಪರಿಣಾಮ. ಪ್ರತಿಯೊಂದು ವಸ್ತುವಿನ ಪರಮಾಣುಗಳೂ ತಮ್ಮದೇ ಆದ ಲಯದಲ್ಲಿ ಕಂಪಿಸುತ್ತಿರುವುದರಿಂದ, ಅದರಿಂದ ಚದರಿಬರುವ ಬೆಳಕಿನ ರೇಖೆಗಳೂ ಆ ವಸ್ತುವಿಗೇ ಮೀಸಲು, ಬೆರಳಚ್ಚಿನಂತೆ. ಅದೇ ದಿನಗಳಲ್ಲಿ ಮಾಸ್ಕೋ ನಗರದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಎಂಬುವರು ಬೆಣಚಿನ ಹರಳಿನಲ್ಲಿ ಇದೇ ವಿದ್ಯಮಾನವನ್ನು ಕಂಡಿದ್ದರೆಂಬುದು ಇತಿಹಾಸದ ಒಂದು ಸ್ವಾರಸ್ಯ. 1930ರಲ್ಲಿ ರಾಮನ್ನರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

1933ರಲ್ಲಿ ಅವರು ಬೆಂಗಳೂರಿಗೆ ಬಂದು, ಯಶವಂತಪುರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಭಾರತೀಯರಲ್ಲಿ ಅವರೇ ಮೊದಲಿಗರು. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟರೂ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು. ಈ ಅವಧಿಯಲ್ಲಿ ಅವರ ಮನಸ್ಸು ದ್ರವಗಳಿಂದ ಹರಳುಗಳ ಕಡೆಗೆ ತಿರುಗಿತು. 1940ರಲ್ಲಿ ಅವರೂ ಅವರ ಶಿಷ್ಯರಾದ ನೆಡುಂಗಾಡಿಯವರೂ ಬೆಣಚಿನ ಹರಳನ್ನು ಮೆಲ್ಲಮೆಲ್ಲನೆ ಕಾಯಿಸುತ್ತ, ಅದರಿಂದ ಚದರುವ ಬೆಳಕನ್ನು ಗಮನಿಸಿದರು. 573 ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಣಚು ತನ್ನ ಒಳರಚನೆಯನ್ನು ಬದಲಿಸಿಕೊಳ್ಳುತ್ತದೆ. ಆ ಹಂತ ಹತ್ತಿರವಾದಂತೆ ಒಂದು ರೇಖೆ ಅಗಲವಾಗುತ್ತ, ಮಸುಕಾಗುತ್ತ, ತನ್ನ ಸ್ಥಾನದಿಂದ ಸರಿಯುತ್ತ ಹೋಯಿತು. ರಚನೆಯನ್ನು ಹಿಡಿದು ನಿಲ್ಲಿಸಿದ್ದ ಒಂದು ಕಂಪನವೇ ಸಡಿಲಗೊಳ್ಳುತ್ತಿತ್ತು! ಇದರ ಪೂರ್ಣ ಮಹತ್ವವು ಇಪ್ಪತ್ತು ವರ್ಷಗಳ ಅನಂತರ, ಬೇರೆ ದೇಶಗಳ ವಿದ್ವಾಂಸರು ಅದಕ್ಕೊಂದು ಸಿದ್ಧಾಂತವನ್ನು ರೂಪಿಸಿದಾಗ ಲೋಕಕ್ಕೆ ತಿಳಿಯಿತು.

ನಿವೃತ್ತಿಯ ಅನಂತರ ಎಲ್ಲಿ ಕೆಲಸಮಾಡುವುದೆಂಬ ಚಿಂತೆಯನ್ನು ರಾಮನ್ನರು ಬಹಳ ಮುಂಚೆಯೇ ಪರಿಹರಿಸಿಕೊಂಡಿದ್ದರು. 1934ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ಮೈಸೂರು ಸರಕಾರವು ಅದಕ್ಕೆ ಹನ್ನೊಂದು ಎಕರೆ ನೆಲವನ್ನು ನೀಡಿತ್ತು. ಅದೇ ನೆಲದಲ್ಲಿ ಅವರ ಸಂಶೋಧನಾ ಸಂಸ್ಥೆ 1948ರಲ್ಲಿ ತಲೆಯೆತ್ತಿತು. ಕಟ್ಟಡವೇನೋ ಸಿದ್ಧವಾಯಿತು, ವಿದ್ಯುತ್ತಿನ ಸೌಕರ್ಯವು ಕೂಡಲೇ ಒದಗಲಿಲ್ಲ. ಬೇರೆಯವರಾಗಿದ್ದರೆ ಅರ್ಜಿಗಳನ್ನು ಬರೆಯುತ್ತ ಕುಳಿತಿರುತ್ತಿದ್ದರು. ರಾಮನ್ನರು ಕನ್ನಡಿಯಿಂದ ಸೂರ್ಯನ ಬೆಳಕನ್ನು ಕೋಣೆಯೊಳಕ್ಕೆ ತಿರುಗಿಸಿ, ಕೆಲವು ಮಸೂರಗಳ ನೆರವಿನಿಂದ ಪ್ರಯೋಗಗಳನ್ನು ಆರಂಭಿಸಿಯೇಬಿಟ್ಟರು. ಸೂರ್ಯನು ಸರಿದಂತೆ ಕನ್ನಡಿಯನ್ನು ಕೈಯಿಂದ ಹೊರಳಿಸುತ್ತಿರಬೇಕಾಗಿತ್ತು. ಸರಕಾರದ ಧನಸಹಾಯವು ಬಂದರೆ ಅದರ ಹಿಂದೆಯೇ ನಿಬಂಧನೆಗಳೂ ಬರುತ್ತವೆಂದು ಅವರಿಗೆ ಅಂಜಿಕೆ. ಆದಕಾರಣ ತಮ್ಮ ಗಳಿಕೆಯಿಂದಲೂ ದಾನಿಗಳ ನೆರವಿನಿಂದಲೂ ಸಂಸ್ಥೆಯನ್ನು ನಡೆಸಿದರು.

ಈ ಸಂಸ್ಥೆಯಲ್ಲಿ ಅವರು ಪ್ರೀತಿಯಿಂದ ಅಣಿಗೊಳಿಸಿದ್ದು ವಸ್ತುಸಂಗ್ರಹಾಲಯ. ರತ್ನಗಳು, ಹರಳುಗಳು, ಖನಿಜಗಳು, ಶಿಲೆಗಳು, ಚಿಪ್ಪುಗಳು, ಚಿಟ್ಟೆಗಳು, ಪಕ್ಷಿಗಳ ಮಾದರಿಗಳು ಅಲ್ಲಿ ನೆಲೆಯನ್ನು ಪಡೆದವು. ಮೇಲುನೋಟಕ್ಕೆ ಇದೊಂದು ಶ್ರೀಮಂತನ ಹವ್ಯಾಸದಂತೆ ತೋರಬಹುದು. ಆದರೆ ಚಿಟ್ಟೆಯ ರೆಕ್ಕೆ, ಚಿಪ್ಪಿನ ಒಳಮೈ, ಲ್ಯಾಬ್ರಡೊರೈಟ್ ಕಲ್ಲು, ಈ ಮೂರನ್ನೂ ಒಂದೆಡೆಗೆ ತಂದವನ ಮನಸ್ಸಿನಲ್ಲಿ ಒಂದೇ ಪ್ರಶ್ನೆಯಿತ್ತು: ಬಣ್ಣದ ದ್ರವ್ಯವಿಲ್ಲದೆಯೇ ಬಣ್ಣವು ಹುಟ್ಟುವುದು ಹೇಗೆ? ಸಾಮಾನ್ಯ ಬೆಳಕಿನಲ್ಲಿ ಸಪ್ಪೆಯಾಗಿ ಕಾಣುವ ಕೆಲವು ಖನಿಜಗಳನ್ನು ಅವರು ಕತ್ತಲೆಕೋಣೆಯಲ್ಲಿರಿಸಿ, ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಅವುಗಳ ಮೇಲೆ ಬೀರುತ್ತಿದ್ದರು. ಆಗ ಆ ಕಲ್ಲುಗಳು ಹಸಿರಾಗಿ, ಕೆಂಪಾಗಿ, ಹಳದಿಯಾಗಿ ತಾವೇ ದೀಪಗಳಂತೆ ಉರಿಯುತ್ತಿದ್ದವು. ನೋಡಲು ಬಂದವರ ಉದ್ಗಾರವನ್ನು ಕೇಳುವುದೆಂದರೆ ಆ ಮುದುಕರಿಗೆ ಬಲು ಸಂತೋಷ. ಶಾಲೆಯ ಮಕ್ಕಳಾದರಂತೂ ಅವರ ಉತ್ಸಾಹಕ್ಕೆ ಎಲ್ಲೆಯೇ ಇರುತ್ತಿರಲಿಲ್ಲ.

ಲ್ಯಾಬ್ರಡೊರೈಟಿನ ಗುಟ್ಟನ್ನು ಅವರು ತಮ್ಮ ಸಹಾಯಕರಾದ ಎ. ಜಯರಾಮನ್ ಅವರೊಡನೆ 1950ರಲ್ಲಿ ಪರಿಶೀಲಿಸಿದರು. ಈ ಕಲ್ಲು ಫೆಲ್ಡ್‌ಸ್ಪಾರ್ ವರ್ಗಕ್ಕೆ ಸೇರಿದ್ದು. ಭೂಗರ್ಭದಲ್ಲಿ ಅದು ಅತಿ ನಿಧಾನವಾಗಿ ತಣ್ಣಗಾಗುವಾಗ, ರಾಸಾಯನಿಕವಾಗಿ ತುಸುವೇ ಭಿನ್ನವಾದ ಎರಡು ಬಗೆಯ ಪದರಗಳಾಗಿ ಒಳಗೊಳಗೇ ಬೇರ್ಪಡುತ್ತದೆ. ಒಂದೊಂದು ಪದರದ ದಪ್ಪವೂ ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಬಹುದಾದಷ್ಟು, ಎಂದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು. ಪದರಪದರಗಳಿಂದ ಹಿಂದಿರುಗುವ ಅಲೆಗಳು ಒಂದರೊಡನೊಂದು ಕೂಡಿ ಕೆಲವು ಬಣ್ಣಗಳನ್ನು ಬಲಪಡಿಸುತ್ತವೆ, ಕೆಲವನ್ನು ಅಳಿಸುತ್ತವೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಕಾಮನಬಿಲ್ಲು ಮೂಡುವುದೂ ಇದೇ ನಿಯಮದಿಂದ. ಸಿಂಹಳದ ಚಂದ್ರಕಾಂತ ಶಿಲೆಯಲ್ಲಿ ಹಾಲಿನಂಥ ನೀಲಿ ಬೆಳಕು ತೇಲುವುದಕ್ಕೂ ಒಳಗಿನ ಇಂಥ ಬೇರ್ಪಾಡೇ ಕಾರಣ.

ಓಪಲ್ ಎಂಬ ರತ್ನದ ವಿಷಯದಲ್ಲಿ ಅವರ ಉತ್ತರವು ಅರ್ಧದಾರಿಯವರೆಗೆ ಸರಿಯಾಯಿತು. ಅದರ ಕಿಡಿಯಂಥ ಬಣ್ಣಗಳಿಗೆ ಒಳಗೆ ಸಮಾನ ಅಂತರದಲ್ಲಿ ಮರುಕಳಿಸುವ ಯಾವುದೋ ರಚನೆ ಇರಲೇಬೇಕೆಂದು ಅವರು 1953ರಲ್ಲಿ ವಾದಿಸಿದರು. ಅದು ನಿಜ. ಆದರೆ ಆ ರಚನೆಯು ಪದರಗಳದ್ದೆಂದು ಅವರು ಭಾವಿಸಿದ್ದರು. 1964ರಲ್ಲಿ ಆಸ್ಟ್ರೇಲಿಯಾದ ಸ್ಯಾಂಡರ್ಸ್ ಎಂಬಾತನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಪದರಗಳಲ್ಲ. ಒಂದೇ ಗಾತ್ರದ ಸಿಲಿಕದ ಪುಟ್ಟ ಗುಂಡುಗಳು, ಸಂತೆಯಲ್ಲಿ ಒಪ್ಪವಾಗಿ ಪೇರಿಸಿಟ್ಟ ನಿಂಬೆಹಣ್ಣುಗಳಂತೆ.

ವಜ್ರದ ಕಥೆ ಇನ್ನೂ ಗಂಭೀರವಾದದ್ದು. ರಾಮನ್ನರಿಗೆ ವಜ್ರದ ಮೇಲಿದ್ದ ಮೋಹಕ್ಕೆ ಆಭರಣದ ಆಸೆ ಕಾರಣವಲ್ಲ. ಒಂದೇ ಮೂಲಧಾತು, ಅತ್ಯಂತ ಸರಳವಾದ ಜೋಡಣೆ, ಎಲ್ಲಕ್ಕಿಂತ ಹೆಚ್ಚಿನ ಕಾಠಿಣ್ಯ. ಹರಳುಗಳ ಸ್ವಭಾವವನ್ನು ಅರಿಯಲು ಇದಕ್ಕಿಂತ ಶುದ್ಧವಾದ ಉದಾಹರಣೆ ಬೇರೊಂದಿಲ್ಲವೆಂದು ಅವರ ನಂಬಿಕೆ. ಬೆಳಕನ್ನು ಚದರಿಸುವಾಗ ವಜ್ರವು 1332 ಎಂಬ ತರಂಗಸಂಖ್ಯೆಯಲ್ಲಿ ಒಂದೇ ಒಂದು ಪ್ರಬಲವಾದ ರೇಖೆಯನ್ನು ಕೊಡುತ್ತದೆ. ಆದರೆ ಎಲ್ಲ ವಜ್ರಗಳೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ಅತಿನೇರಿಳೆ ಬೆಳಕಿನಲ್ಲಿ ಕೆಲವು ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಳದಿಹಸಿರಾಗಿ; ಕೆಲವು ಕತ್ತಲೆಯಲ್ಲಿ ಕತ್ತಲೆಯಾಗಿಯೇ ಉಳಿಯುತ್ತವೆ. ಕೆಲವು ಆ ಕಿರಣಗಳನ್ನು ತಡೆದರೆ ಮತ್ತೆ ಕೆಲವು ಒಳಗಿನಿಂದ ಹಾಯಗೊಡುತ್ತವೆ. ರಾಮನ್ನರೂ ಅವರ ಶಿಷ್ಯರೂ ಹಲವಾರು ವಜ್ರಗಳನ್ನು ಕಲೆಹಾಕಿ, ಒಂದೊಂದನ್ನೂ ಪರೀಕ್ಷಿಸಿ, 1944ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಸಾಲುಸಾಲಾಗಿ ಲೇಖನಗಳನ್ನು ಪ್ರಕಟಿಸಿದರು. ಇಂಗಾಲದ ಪರಮಾಣುಗಳ ಇಲೆಕ್ಟ್ರಾನುಗಳು ಬೇರೆಬೇರೆ ರೀತಿಯಲ್ಲಿ ಅಣಿಗೊಳ್ಳುವುದರಿಂದ ವಜ್ರದಲ್ಲಿಯೇ ನಾಲ್ಕು ಪ್ರಭೇದಗಳಿವೆಯೆಂಬುದು ರಾಮನ್ನರ ಸಿದ್ಧಾಂತವಾಗಿತ್ತು.

ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರು ಈ ಸಿದ್ಧಾಂತವನ್ನು ಒಪ್ಪಲಿಲ್ಲ. ಹರಳುಗಳ ಕಂಪನಗಳ ವಿಷಯದಲ್ಲಿ, ಹಿಂದೆ ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ಕೆಲಕಾಲ ಇದ್ದ ಮ್ಯಾಕ್ಸ್ ಬಾರ್ನ್ ಅವರೊಡನೆಯೂ ದೀರ್ಘವಾದ ವಿವಾದವು ನಡೆಯಿತು. ಹರಳಿನ ಕಂಪನಗಳು ಬಿಡಿಬಿಡಿಯಾದ ಕೆಲವೇ ಲಯಗಳಿಗೆ ಸೀಮಿತವೆಂದು ರಾಮನ್ನರು. ಅಸಂಖ್ಯಾತವಾದ ಕಂಪನಗಳು ಎಡೆಬಿಡದೆ ಹರಡಿಕೊಂಡಿರುತ್ತವೆಂದು ಬಾರ್ನ್. ಈ ವಾದದಲ್ಲಿ ಇಬ್ಬರೂ ಮುಂದಿಟ್ಟ ಸಾಕ್ಷ್ಯವು ಒಂದೇ ಆಗಿತ್ತೆಂಬುದು ವಿಶೇಷ. ಬೆಂಗಳೂರಿನಲ್ಲಿಯೇ ಆರ್. ಎಸ್. ಕೃಷ್ಣನ್ ಅವರು ಪಾದರಸದ ದೀಪದಿಂದ ತೆಗೆದ ವಜ್ರದ ರೋಹಿತವನ್ನು ರಾಮನ್ನರು ತಮ್ಮ ಪರವಾಗಿ ಓದಿದರು. ಬಾರ್ನರ ಶಿಷ್ಯೆಯಾದ ಹೆಲೆನ್ ಸ್ಮಿತ್ ಅದೇ ರೋಹಿತಕ್ಕೆ 1948ರಲ್ಲಿ ಗಣಿತದ ಮೂಲಕ ಬೇರೆ ಅರ್ಥವನ್ನು ಹೇಳಿದರು. ಕಾಲವು ಬಾರ್ನರ ಪಕ್ಷಕ್ಕೆ ಒಲಿಯಿತು. ವಜ್ರಗಳ ಭೇದಕ್ಕೆ ಕಾರಣವೇನೆಂಬುದೂ 1959ರಲ್ಲಿ ಗೊತ್ತಾಯಿತು. ಅಮೆರಿಕದ ಕೈಸರ್ ಮತ್ತು ಬಾಂಡ್ ಎಂಬುವರು ಅನೇಕ ವಜ್ರಗಳಲ್ಲಿ ಅತ್ಯಲ್ಪ ಪ್ರಮಾಣದ ಸಾರಜನಕವು ಸೇರಿಕೊಂಡಿರುವುದನ್ನು ಕಂಡುಹಿಡಿದರು. ಎಲ್ಲಕ್ಕಿಂತ ಶುದ್ಧವೆಂದು ರಾಮನ್ನರು ನಂಬಿದ್ದ ವಸ್ತುವು ಶುದ್ಧವಾಗಿರಲಿಲ್ಲ.

ರಾಮನ್ನರು ಮಾತ್ರ ಕಡೆಯವರೆಗೂ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ಸಮುದ್ರದ ಬಣ್ಣದ ವಿಷಯದಲ್ಲಿ ಹಿರಿಯರ ಮಾತಿಗೆ ತಲೆಬಾಗದ ಹಟವೇ ಅವರಿಗೆ ಕೀರ್ತಿಯನ್ನು ತಂದಿತ್ತು. ಅದೇ ಹಟ ವಜ್ರದ ವಿಷಯದಲ್ಲಿ ಅವರನ್ನು ಒಂಟಿಯಾಗಿಸಿತು. ಆದರೂ ಅವರ ಶ್ರಮವು ವ್ಯರ್ಥವಾಯಿತೆನ್ನಲಾಗದು. ಸಿದ್ಧಾಂತವು ಬಿದ್ದುಹೋದರೂ ಅವರು ದಾಖಲಿಸಿದ ಹೊಳಪು, ರೇಖೆ, ಛಾಯಾಚಿತ್ರಗಳು ಸುಳ್ಳಾಗಲಿಲ್ಲ. ಅವರು ಪರೀಕ್ಷಿಸಿದ ಹರಳುಗಳೂ ಹಾಗೆಯೇ ಇವೆ.

ಇಷ್ಟೆಲ್ಲ ಹರಳುಗಳನ್ನು ಕೂಡಿಸಿಟ್ಟ ಆ ಕಟ್ಟಡದ ಅಡಿಯಲ್ಲಿರುವ ನೆಲ ಎಂಥದು? ಹೆಬ್ಬಾಳ, ಯಲಹಂಕ, ಯಶವಂತಪುರಗಳೆಲ್ಲ ನಿಂತಿರುವುದು ನೈಸ್ ಎಂಬ ಪುರಾತನ ಶಿಲೆಯ ಮೇಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತ ಬಂಡೆಯೂ ಇದೇ ಜಾತಿಯದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು 1916ರಲ್ಲಿ ಈ ಶಿಲೆಗೆ ಪರ್ಯಾಯದ್ವೀಪದ ನೈಸ್ ಎಂದು ಹೆಸರಿಟ್ಟರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಬೂದುಬಣ್ಣದ ಮೈಯಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು, ಅಲ್ಲಲ್ಲಿ ನಸುಗೆಂಪಾದ ದಪ್ಪ ಎಳೆಗಳು ಹರಿದಿರುತ್ತವೆ. ಕಪ್ಪು ಪಟ್ಟೆಯಲ್ಲಿ ಹೊಳೆಯುವುದು ಅಭ್ರಕ; ಹಳ್ಳಿಯ ಮಕ್ಕಳ ಬಾಯಲ್ಲಿ ಅದು ಕಾಗೆಬಂಗಾರ. ಬಿಳಿಯದು ಬೆಣಚು, ನಸುಗೆಂಪಾದದ್ದು ಫೆಲ್ಡ್‌ಸ್ಪಾರ್. ಬೆಂಗಳೂರಿನ ಪಶ್ಚಿಮಕ್ಕೆ ರಾಮನಗರದ ಬೆಟ್ಟಗಳಲ್ಲಿ ಈ ಫೆಲ್ಡ್‌ಸ್ಪಾರ್ ಹೆಬ್ಬೆರಳಿನ ಗಾತ್ರದ ಹರಳುಗಳಾಗಿ ಕಾಣಸಿಗುತ್ತದೆ. ಆ ಊರಿನ ಹಳೆಯ ಹೆಸರಿನಿಂದಲೇ ಅಲ್ಲಿಯ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಬಂದಿದೆ.

ಮುಖಗಳು ತಿದ್ದಿತೀಡಿದಂತಿರುವ ಹರಳುಗಳು ನೈಸ್ ಶಿಲೆಯಲ್ಲಿ ಅಪರೂಪ. ಹರಳು ತನ್ನ ಆಕಾರವನ್ನು ಪೂರ್ಣವಾಗಿ ತಳೆಯಬೇಕಾದರೆ ಸುತ್ತಲೂ ಬರಿದಾದ ಸ್ಥಳವಿರಬೇಕು. 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ನಿನ ಲಾವಾದಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಟರೆಗಳಿದ್ದವು. ಬೆಳಗಾವಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಕಪ್ಪುಶಿಲೆಯೂ ಆ ಲಾವಾದ ಭಾಗವೇ. ಪುಣೆ, ನಾಸಿಕಗಳ ಕಡೆಯ ಕಲ್ಲುಗಣಿಗಳಲ್ಲಿ ಇಂಥ ಪೊಟರೆಗಳ ಒಳಗೆ ಬೆಳೆದ ಅಪೊಫಿಲೈಟ್, ಸ್ಟಿಲ್ಬೈಟ್ ಹರಳುಗಳೂ, ವಾಘೋಲಿಯ ಕಡುನೀಲಿಯ ಕ್ಯಾವನ್ಸೈಟೂ ಲೋಕದ ಸಂಗ್ರಹಾಲಯಗಳನ್ನೆಲ್ಲ ಅಲಂಕರಿಸಿವೆ. ಜಲ್ಲಿಗಾಗಿ ಒಡೆದ ಬಂಡೆಯಿಂದ ಅವು ಹೊರಬಂದವೆಂಬುದನ್ನು ನೋಡುಗರು ಅಷ್ಟಾಗಿ ಅರಿಯರು.

ಬೆಂಗಳೂರಿನ ನೈಸ್ ಅಲಂಕಾರದ ಕಲ್ಲಲ್ಲ, ಉಪಯೋಗದ ಕಲ್ಲು. ಇಲ್ಲಿಯ ಕಲ್ಲುಕುಟಿಗರು ಸಿಡಿಮದ್ದನ್ನು ಬಳಸದೆ ಬಂಡೆಯಿಂದ ವಿಶಾಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬಂಡೆಯ ಮೇಲೆ ಸೌದೆಯ ಸಾಲನ್ನು ಹೊತ್ತಿಸಿ, ಆ ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಹಿಂದಿನ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನಾದವನ್ನು ಆಲಿಸುತ್ತಿದ್ದರು. ಕಾದ ಪದರವು ಹಿಗ್ಗಿ ಕೆಳಗಿನ ಬಂಡೆಯಿಂದ ಬಿಟ್ಟುಕೊಂಡಾಗ ನಾದವು ಬದಲಾಗುತ್ತದೆ. 1895ರಲ್ಲಿಯೇ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಪತ್ರಿಕೆಯೊಂದು ಈ ಕೌಶಲವನ್ನು ವಿವರಿಸಿತ್ತು. ಹಾಗೆ ಎಬ್ಬಿಸಿದ ಚಪ್ಪಡಿಗಳು ಬೇಲಿಯ ಕಂಬಗಳಾದವು, ಸೂರುಗಳಾದವು, ಬಾವಿಯ ಕಟ್ಟೆಗಳಾದವು. ಇನ್ನೂ ಹಿಂದಕ್ಕೆ ಹೋದರೆ ಅವು ವೀರಗಲ್ಲುಗಳೂ ಆದವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುವಾಗ ಸಿಕ್ಕಿದ ಶಾಸನವು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು; ಕಿತ್ತಯ್ಯನೆಂಬ ವೀರನ ಮರಣವನ್ನು ಅದು ಹೇಳುತ್ತದೆ. ಅಕ್ಷರಗಳಿಗೆ ಹನ್ನೆರಡುನೂರು ವರ್ಷಗಳಿಗೂ ಮೀರಿದ ವಯಸ್ಸು. ಅವುಗಳನ್ನು ಹೊತ್ತ ಕಲ್ಲಿನ ಕಾಲದ ಮುಂದೆ ಅದು ಕಣ್ಣೆವೆ ಮುಚ್ಚಿ ತೆರೆದಷ್ಟೂ ಅಲ್ಲ.

ಈಗ ನಗರದ ಉತ್ತರಭಾಗದಲ್ಲಿ ಬಂಡೆಗಳು ಕಣ್ಣಿಗೆ ಬೀಳುವುದು ವಿರಳವಾಗುತ್ತಿದೆ. ಹಲವು ಹಳೆಯ ಕಲ್ಲುಗಣಿಗಳು ಮುಚ್ಚಿಹೋಗಿ ಅವುಗಳ ಮೇಲೆ ಮನೆಗಳೆದ್ದಿವೆ. ತಮ್ಮ ಊರಿನ ನೆಲವು ಯಾವುದರಿಂದಾದುದೆಂಬುದನ್ನು ಮಕ್ಕಳು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿಯಬೇಕಾದರೆ ಶಾಲೆಯ ಒಂದು ಪೆಟ್ಟಿಗೆಯಲ್ಲಾದರೂ ಆ ಕಲ್ಲು ಉಳಿದಿರಬೇಕು. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಪಾಯ ತೋಡುವ ಸ್ಥಳದಲ್ಲಿ, ಜಲ್ಲಿಯ ರಾಶಿಯಲ್ಲಿ ಬೆಣಚೂ ಫೆಲ್ಡ್‌ಸ್ಪಾರೂ ಅಭ್ರಕವೂ ದೊರೆಯುತ್ತವೆ. ಒಡೆಯರ ಅನುಮತಿಯನ್ನು ಪಡೆದು ಆಯ್ದುಕೊಳ್ಳಬಹುದು. ಸ್ಮಾರಕಗಳ ಬಂಡೆಗೆ ಸುತ್ತಿಗೆಯನ್ನು ತಾಕಿಸಬಾರದು. ನೀರು ತುಂಬಿದ ಹಳೆಯ ಕಲ್ಲುಗಣಿಗಳ ಅಂಚಿಗೆ ಹೋಗಲೇಬಾರದು. ಊರಿಗೆ ಹೋದ ಗೆಳೆಯರು ಸಂಡೂರಿನ ಕಬ್ಬಿಣದ ಅದಿರನ್ನೋ ಹಾಸನದ ಕಡೆಯ ಬಳಪದ ಕಲ್ಲನ್ನೋ ತಂದುಕೊಟ್ಟರೆ ಪೆಟ್ಟಿಗೆಯು ಬೇಗನೆ ತುಂಬುತ್ತದೆ.

ಕಲ್ಲನ್ನು ಗುರುತಿಸಲು ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುವುದು ಖಂಡಿತ. ಜರ್ಮನಿಯ ಮೋಸ್ ಎಂಬಾತನು 1812ರಲ್ಲಿ ಕಾಠಿಣ್ಯವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಕ್ರಮವನ್ನು ರೂಪಿಸಿದನು. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಒಂದನೆಯದು. ಉಗುರಿನಿಂದಲೇ ಅದನ್ನು ಗೀರಬಹುದು. ಬೆಣಚು ಏಳನೆಯದು, ಅದು ಗಾಜನ್ನು ಗೀರುತ್ತದೆ, ಚಾಕುವಿಗೆ ಮಣಿಯುವುದಿಲ್ಲ. ವಜ್ರ ಹತ್ತನೆಯದು. ಸಂಡೂರಿನ ಹೆಮಟೈಟ್ ಉಕ್ಕಿನಂತೆ ಕಪ್ಪಗೆ ಕಾಣುತ್ತದೆ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಕೆಂಪು ಗೆರೆಯನ್ನೆಳೆದು ತನ್ನ ನಿಜವನ್ನು ಒಪ್ಪಿಕೊಳ್ಳುತ್ತದೆ. ಮನೆಯಲ್ಲಿಯೇ ಹರಳನ್ನು ಬೆಳೆಸಬೇಕೆಂಬವರು ಬಿಸಿನೀರಿನಲ್ಲಿ ಕರಗುವಷ್ಟು ಪಟಿಕವನ್ನು ಕರಗಿಸಿ, ಸೋಸಿ, ಒಂದು ಪುಟ್ಟ ಹರಳನ್ನು ದಾರದಿಂದ ಅದರಲ್ಲಿ ಇಳಿಬಿಟ್ಟು, ಅಲುಗಾಡದ ಕಡೆ ಇಡಬೇಕು. ಕೆಲವು ದಿನಗಳಲ್ಲಿ ಎಂಟು ಮುಖಗಳ ಹರಳು ದಾರದಲ್ಲಿ ತೂಗುತ್ತಿರುತ್ತದೆ. ಆತುರದಿಂದ ತಣಿಸಿದರೆ ಸಿಗುವುದು ಪುಡಿಯೇ.

ಸಂಗ್ರಹಕ್ಕೆ ಪ್ರಾಣವೆಂದರೆ ಚೀಟಿ. ಕಲ್ಲಿನ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಹೆಸರನ್ನು ನಾಳೆ ಬಲ್ಲವರು ಹೇಳಿಯಾರು. ಅದು ಯಾವ ಊರಿನ ಯಾವ ಸ್ಥಳದಲ್ಲಿ, ಯಾವ ದಿನ, ಯಾರಿಗೆ ದೊರೆಯಿತೆಂಬುದನ್ನು ಅಂದೇ ಬರೆದಿಡದಿದ್ದರೆ ಮುಂದೆ ಯಾವ ಪಂಡಿತನೂ ಹೇಳಲಾರನು. ಆ ಸ್ಥಳವೇ ಕಟ್ಟಡದ ಅಡಿಯಲ್ಲಿ ಮರೆಯಾದ ಮೇಲೆ, ಚೀಟಿಯಿಲ್ಲದ ಹರಳು ಬರಿಯ ಚೆಲುವಾದ ಕಲ್ಲು.

ರಾಮನ್ನರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆ ನಡೆದದ್ದು ಸಂಸ್ಥೆಯ ಉದ್ಯಾನದಲ್ಲಿಯೇ. ಆ ಸ್ಥಳದಲ್ಲಿ ಕಲ್ಲಿನ ಗೋರಿಯಾಗಲಿ ಪ್ರತಿಮೆಯಾಗಲಿ ಇಲ್ಲ, ಒಂದು ಮರವಿದೆ. ಅವರು ಕಂಡುಹಿಡಿದ ಪರಿಣಾಮವು ಲೇಸರ್ ಬೆಳಕು ಬಂದ ಮೇಲೆ ಹೊಸ ಶಕ್ತಿಯನ್ನು ಪಡೆಯಿತು. ಇಂದು ಕೈಯಲ್ಲಿ ಹಿಡಿಯಬಹುದಾದ ಉಪಕರಣವೊಂದು ರತ್ನವನ್ನು ಗೀರದೆ, ಕರಗಿಸದೆ, ಅದು ನಿಜವಾದ ವಜ್ರವೋ ಗಾಜಿನ ಚೂರೋ ಎಂಬುದನ್ನು ಅದರ ರೇಖೆಗಳಿಂದ ಹೇಳಬಲ್ಲದು. 2021ರ ಫೆಬ್ರವರಿ 18ರಂದು ಮಂಗಳಗ್ರಹದ ಜೆಜೆರೊ ಎಂಬ ಕುಳಿಯಲ್ಲಿ ಅಮೆರಿಕದ ಪರ್ಸೀವರೆನ್ಸ್ ಎಂಬ ಯಂತ್ರವಾಹನವು ಇಳಿಯಿತು. ಅಂಥ ಎರಡು ಉಪಕರಣಗಳು ಅದರಲ್ಲಿದ್ದವು. ಒಂದು ಹಸಿರು ಲೇಸರನ್ನೂ ಇನ್ನೊಂದು ಅತಿನೇರಿಳೆ ಲೇಸರನ್ನೂ ಅಲ್ಲಿಯ ಕಲ್ಲುಗಳ ಮೇಲೆ ಬೀರಿ, ಚದರಿ ಬಂದ ಬೆಳಕಿನಿಂದ ಅವುಗಳ ಖನಿಜಗಳನ್ನು ಒಂದೊಂದಾಗಿ ಹೆಸರಿಸಿ ಭೂಮಿಗೆ ತಿಳಿಸತೊಡಗಿದವು.